ರೆಕ್ಕೆಯ ಮೇಲಿನ ನಂಬರು

ಫೋನು ಬರುವುದಿಲ್ಲ ಎಂಬುದು ಸ್ವಪ್ನಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆಯಿಂದ ಎಷ್ಟು ಸಲ ಅದನ್ನು ತಿರುಗಿಸಿ ನೋಡಿದಳೋ. ಒಗ್ಗರಣೆ ಹಾಕುವಾಗ ಒಲೆಯ ಪಕ್ಕದಲ್ಲಿ, ಮಗಳ ತಲೆ ಬಾಚುವಾಗ ತೊಡೆಯ ಮೇಲೆ, ಬಟ್ಟೆ ಒಗೆಯುವಾಗ ಕಲ್ಲಿನ ಆಚೆ ಒಣಗಿದ ಜಾಗದಲ್ಲಿ. ಚಾರ್ಜು ಇದೆಯೋ ಇಲ್ಲವೋ ಎಂದು ನೋಡುವುದು, ಇದೆ ಎಂದು ಕಂಡ ಮೇಲೆ ಮತ್ತೆ ಮಗುಚಿ ಇಡುವುದು.

"ಸಪ್ನವ್ವ, ಫೋನ್ ಬಂತೇನವ್ವ?" ಜಗಲಿಯಿಂದ ಮಾವ ಚಿಕ್ಕೀರಪ್ಪ ಕೇಳಿದರು. ಅರ್ಧ ಗಂಟೆಗೊಂದು ಸಲ ಕೇಳುತ್ತಿದ್ದರು.

"ಇನ್ನೂ ಇಲ್ಲ ಮಾವ."

"ಬರ್ತೈತೆ ಬಿಡು. ನಂಬರ್ ಐತಲ್ಲ ಅದ್ರ ಮ್ಯಾಲೆ."

ನಂಬರ್ ಇರಲಿಲ್ಲ. ಅಳಿಸಿದವಳು ಅವಳೇ.

ಹಿಂದಿನ ದಿನ ಮಧ್ಯಾಹ್ನ ಮಾವನ ಗ್ಲೈಡರ್ ಗಾಳಿಗೆ ಸಿಕ್ಕಿ ಏರುತ್ತ ಏರುತ್ತ ವರವು ಕಾವಲಿನ ಕಡೆ ತೇಲಿಹೋಗಿ ಕಣ್ಮರೆಯಾಗಿತ್ತು. ಅದು ಎರಡು ಮೀಟರ್ ಅಗಲದ ಬಿಳಿ ರೆಕ್ಕೆಯ ಆಟದ ವಿಮಾನ. ಮೋಟರಿಲ್ಲ, ಸದ್ದಿಲ್ಲ, ಕೆಳಗೆ ನಿಂತವರ ಕೈಯಲ್ಲಿ ಒಂದು ರಿಮೋಟು ಅಷ್ಟೆ. ಆಟದ್ದು ಎಂದು ಸ್ವಪ್ನ ಹೇಳುವುದು ಬೇರೆ, ಆ ಮುದುಕನಿಗೆ ಅದು ಏನು ಎಂಬುದು ಬೇರೆ.

ಚಿಕ್ಕೀರಪ್ಪ ನಲವತ್ತೈದು ವರ್ಷ ಕುರಿ ಕಾದವರು. ಸರ್ಕಾರದ ರಕ್ಷಣಾ ಸಂಶೋಧನೆಯವರು ಬೇಲಿ ಹಾಕುವ ಮೊದಲು ಆ ಕಾವಲಿನ ಹುಲ್ಲಿನಲ್ಲೇ ಕುರಿ ಬಿಟ್ಟುಕೊಂಡು ಓಡಾಡಿದವರು. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಮೊಳಕಾಲ್ಮುರು ದಾಟಿ, ರಾಂಪುರದ ಕಡೆಯ ಹೊಲಗಳಲ್ಲಿ ಕುರಿಗೆ ತಡಿಕೆಯ ದೊಡ್ಡಿ ಕಟ್ಟಿ, ಎರಡೆರಡು ತಿಂಗಳು ಮನೆಯ ಮುಖ ನೋಡದೆ ಇದ್ದವರು. ಎರಡು ವರ್ಷದ ಕೆಳಗೆ ಮೊಣಕಾಲು ಕೈಕೊಟ್ಟಿತು. ಕುರಿಗಳನ್ನು ಪಕ್ಕದ ಹಟ್ಟಿಯ ಯತ್ತಪ್ಪನಿಗೆ ಮಾರಿದರು. ಮಾರಿದ ಮೇಲೂ ನಸುಕಿನಲ್ಲಿ ಎದ್ದು, ಕೋಲು ಹಿಡಿದು, ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. "ಈ ಮನ್ಸಗೆ ಪಿಚ್ಚಿ ಹಿಡಿದೈತೆ," ಎಂದು ಅತ್ತೆ ಪಾತಮ್ಮ ಹುಚ್ಚು ಎನ್ನಲು ತಮ್ಮ ತವರಿನ ತೆಲುಗು ಬೆರೆಸಿ ಬೈಯುತ್ತಿದ್ದರು. ದಾವಣಗೆರೆಯಲ್ಲಿ ಓದಿ ಬೆಳೆದ ಸ್ವಪ್ನಳಿಗೆ ಆ ನಡಿಗೆಯ ಸದ್ದು ಕೇಳಿದರೆ ತಾನೂ ಎಲ್ಲಿಗೋ ಹೋಗುವುದನ್ನು ಮರೆತಿದ್ದೇನೆ ಅನ್ನಿಸುತ್ತಿತ್ತು.

ಗ್ಲೈಡರ್ ಯೋಚನೆ ಗಂಡ ಈರೇಶನದು. ಚಳ್ಳಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಮೂರು ವಾರ ವಿಡಿಯೋ ನೋಡಿದ. ತೆಳುಮರದ್ದು ನೋಡಲು ಚೆಂದ, ಆದರೆ ನಮ್ಮ ಕಲ್ಲುಭೂಮಿಗೆ ಒಂದು ಸಲ ಬಿದ್ದರೆ ಸೌದೆ, ಅದಕ್ಕೇ ಫೋಮಿನದು ಇರಲಿ ಎಂದ. ರೆಕ್ಕೆಯ ತುದಿ ಮೇಲಕ್ಕೆ ಬಾಗಿರಬೇಕು, ಹಾಗಿದ್ದರೆ ವಾಲಿದರೂ ತಾನೇ ಸರಿಹೋಗುತ್ತದೆ ಎಂದ. ಅಪ್ಪನ ಕಣ್ಣಿಗೆ ಕಾಣಬೇಕು, ಚಿಕ್ಕದು ಬೇಡ ಎಂದ.

"ಮೋಟರ್ ಬೇಡ. ಕ್ಯಾಮೆರಾ ಬೇಡವೇ ಬೇಡ," ಎಂದಳು ಸ್ವಪ್ನ. "ಹತ್ತಿರದಲ್ಲೇ ಅವರ ಬೇಲಿ ಇದೆ. ನೋಡಿದವರು ಡ್ರೋನ್ ಅಂತಾರೆ."

"ನಮ್ಮ ಹೊಲದಿಂದ ಬೇಲಿ ನಾಕು ಕಿಲೋಮೀಟ್ರು ಐತೆ ಕಣೇ. ಆಯ್ತು, ರಬ್ಬರ್ ಪೈಪಿಗೆ ದಾರ ಕಟ್ಟಿ ಕವಣೆ ತರ ಎಳೆದು ಬಿಡೋದೇ ತರಿಸ್ತೀನಿ."

ಬಂದ ದಿನ ಜೋಡಿಸಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ಬಾಲ ಕುಸಿಯಿತು. ಮೂತಿಗೆ ಭಾರ ಬೇಕು, ಇಲ್ಲದಿದ್ದರೆ ಮೂತಿ ಎತ್ತಿ ಎತ್ತಿ ಬೀಳುತ್ತದೆ ಎಂದು ಈರೇಶ ಸೀಸದ ತುಂಡಿಗೆ ಹುಡುಕಾಡಿದ. ಚಿಕ್ಕೀರಪ್ಪ ಒಳಗೆ ಹೋಗಿ ಗೂಟದಲ್ಲಿ ತೂಗುತ್ತಿದ್ದ ಗಂಟೆ ತಂದರು. ಮಂದೆಯ ಮುಂದೆ ನಡೆಯುತ್ತಿದ್ದ ಟಗರಿನ ಕೊರಳಿನದು. ಅದರ ನಾಲಿಗೆಯನ್ನು ಇಕ್ಕಳದಲ್ಲಿ ಕಿತ್ತು ಮೂತಿಯೊಳಗೆ ತುರುಕಿದರು. ಗ್ಲೈಡರ್ ಎರಡು ಬೆರಳಿನ ಮೇಲೆ ತಕ್ಕಡಿಯ ಹಾಗೆ ನಿಂತಿತು.

"ಗಂಟೆ ನಾಲಿಗೆ ಕಿತ್ತಾಯ್ತು," ಎಂದರು ಪಾತಮ್ಮ. "ನಿಂದು ಯಾವಾಗ ಕೀಳ್ತೀಯ ಅಂತ ಕಾಯ್ತಿದೀನಿ."

ಆಮೇಲೆ ಮಾವ ಕೆಮ್ಮಣ್ಣು ಕಲಸಿ ಎರಡೂ ರೆಕ್ಕೆಯ ಮೇಲೆ ಎರಡು ಗೀಟು, ಒಂದು ಬೊಟ್ಟು ಇಟ್ಟರು. ಅವರ ಕುರಿಗಳ ಬೆನ್ನಿಗೆ ಹಾಕುತ್ತಿದ್ದ ಗುರುತು. "ಇದು ಚಿಕ್ಕೀರಪ್ಪಂದು ಅಂತ ಸುತ್ತ ಇಪ್ಪತ್ತು ಹಟ್ಟೀಗೆ ಗೊತ್ತು."

"ಹಟ್ಟಿಯವರಿಗೆ ಗೊತ್ತು ಮಾವ. ಬೇಲಿಯವರಿಗೆ?" ಎಂದವಳು ಸ್ವಪ್ನಳೇ. ಅದಕ್ಕೇ ಈರೇಶ ರೆಕ್ಕೆಯ ಅಡಿಯಲ್ಲಿ ಮಾರ್ಕರಿನಿಂದ ಅವಳ ನಂಬರು ಬರೆದ. ತನ್ನ ಫೋನು ಅಂಗಡಿಯಲ್ಲಿ ಸದಾ ಬಿಜಿ, ಅವಳಾದರೆ ಮನೆಯಲ್ಲಿರುತ್ತಾಳೆ ಎಂದು.

ಹಾರಿಸಲು ಹೋಗಿ ಈರೇಶ ಮೂರು ಸಲ ನೆಲಕ್ಕೆ ಹಾಕಿದ. ಗ್ಲೈಡರ್ ದೂರ ಹೋಗುವಾಗ ಎಲ್ಲ ಸರಿ; ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ನಮ್ಮ ಬಲವಾಗಿ ಬೆರಳು ತಪ್ಪುತ್ತಿತ್ತು. ನಾಲ್ಕನೆಯ ಸಲ ಮಾವ ರಿಮೋಟು ಕಿತ್ತುಕೊಂಡರು.

"ಲೇ, ಕುರಿ ಎದುರಿಗೆ ಬರುವಾಗ ಎಡ ಬಲ ಅಂತ ಎಣಿಸ್ಕೊಂಡು ಕೂಡ್ತಾರೇನಲೇ? ಎತ್ತ ವಾಲ್ತೈತೋ ಅತ್ತ ಹೋಗಿ ತಡಿಬೇಕು."

ಬಾಗಿದ ರೆಕ್ಕೆಯ ಕಡೆಗೇ ರಿಮೋಟಿನ ಕಡ್ಡಿ ದೂಡಿದರು. ರೆಕ್ಕೆ ಎದ್ದು ಸಮವಾಯಿತು. ಈರೇಶ ವಾರಗಟ್ಟಲೆ ವಿಡಿಯೋ ನೋಡಿ ಕಲಿಯಲಾಗದ್ದು ಆ ಒರಟು ಹೆಬ್ಬೆರಳಿಗೆ ಮೊದಲೇ ಗೊತ್ತಿತ್ತು. ಅಂದಿನಿಂದ ರಿಮೋಟು ಮಾವನದು. ಅಂಗಳದ ನಡಿಗೆ ನಿಂತಿತು.

ನಿಂತದ್ದು ಸ್ವಪ್ನಳ ನೆಮ್ಮದಿಯೂ ಹೌದು. ಹೋದ ವಾರ ಅವಳ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂತು. ಎಲ್ಲೋ ಏನೋ ಹಾರುವ ವಸ್ತು ಬಿದ್ದಿತ್ತಂತೆ, ಅದರ ಮೇಲಿದ್ದ ನಂಬರು ಹಿಡಿದು ಪೊಲೀಸರು ಮನೆಗೇ ಬಂದರಂತೆ. ಯಾವ ಊರು, ಯಾವಾಗ, ಒಂದೂ ಇಲ್ಲ. ಅವಳು ಮೂರು ಸಲ ಓದಿದಳು. ಮಗಳು ಕಾಂಚನಾಳಿಗೆ ಇನ್ನೂ ನಾಲ್ಕು ವರ್ಷ. ಎಲ್ಲಾದರೂ ತಪ್ಪಿಸಿಕೊಂಡರೆ ಎಂದು ಹೆದರಿ ಸ್ವಪ್ನ ಅವಳಿಗೆ ತನ್ನ ನಂಬರನ್ನು ಹಾಡಿನ ಹಾಗೆ ಕಲಿಸಿದ್ದಳು. ದಿನವಿಡೀ ಮಗು ಅದನ್ನು ಹಾಡುತ್ತ ತಿರುಗುತ್ತಿತ್ತು. ಈಗ ಅದೇ ನಂಬರು ರೆಕ್ಕೆಯ ಮೇಲೆ ಊರೆಲ್ಲ ಸುತ್ತುತ್ತಿದೆಯಲ್ಲ ಅನ್ನಿಸಿತು. ಮನೆಯಲ್ಲಿ ಯಾರೂ ಇಲ್ಲದಾಗ ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ಹಾಕಿ ಉಜ್ಜಿದಳು. ನಂಬರಿನ ಜೊತೆಗೆ ಫೋಮೂ ತುಸು ಕರಗಿ ಒರಟಾಯಿತು. ಓದು ಬಾರದ ಮಾವ ರೆಕ್ಕೆ ಮಗುಚಿ ನೋಡಲಿಲ್ಲ. ಗಂಡ ಕೇಳಿದರೆ ಹೇಳೋಣ ಎಂದುಕೊಂಡಳು. ಅವನು ಕೇಳಲಿಲ್ಲ.

ನಿನ್ನೆ ಶೇಂಗಾ ಕಿತ್ತ ಹೊಲದ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅಲ್ಲಿ ಗಾಳಿ ಏಳುತ್ತಿದೆ ಎಂದು ಮಾವ ಗ್ಲೈಡರನ್ನು ಅವುಗಳ ಕೆಳಗೇ ಬಿಟ್ಟರು. ಏರಿತು. ಅವಳು "ಇಳಿಸಿ ಮಾವ, ಸಾಕು" ಎಂದಾಗ "ತಡಿಯವ್ವ, ಮೇಯ್ಲಿ" ಎಂದರು. ಆಮೇಲೆ ಇಳಿಸಿದರೂ ಇಳಿಯಲಿಲ್ಲ. ಸಾಸಿವೆಯಷ್ಟಾಯಿತು, ಅದೂ ಹೋಯಿತು.

"ಸಪ್ನವ್ವ."

ಈ ಸಲ ದನಿ ಜಗಲಿಯಿಂದ ಬರಲಿಲ್ಲ. ಅವಳು ಹೊರಗೆ ಬಂದಳು. ಮಾವ ಚಪ್ಪಲಿ ಮೆಟ್ಟಿ, ಹೆಗಲಿಗೆ ಕಂಬಳಿ ಹಾಕಿ, ಕೋಲು ಹಿಡಿದು ಅಂಗಳದ ಬಾಯಲ್ಲಿ ನಿಂತಿದ್ದರು.

"ಎಲ್ಲಿಗೆ ಮಾವ?"

"ಕಾವಲಿಗೆ. ನೋಡವ್ವ, ಯಾರಿಗಾರ ಸಿಕ್ಕಿದ್ರೆ ನಂಬರ್ ನೋಡಿ ಫೋನ್ ಮಾಡೇ ಮಾಡ್ತಿದ್ರು. ಮಾಡಿಲ್ಲ. ಅಂದ್ರೆ ಯಾರ ಕಣ್ಣಿಗೂ ಬಿದ್ದಿಲ್ಲ. ಬೇಲಿ ಒಳಗೆ ಹುಲ್ಲಾಗೈತೆ. ನಂಗೆ ಆ ಜಾಗದ ಕಲ್ಲು ಕಲ್ಲೂ ಗೊತ್ತು."

"ಬೇಲಿ ದಾಟ್ತೀರಾ?"

"ಮರಿ ತಪ್ಪಿಸ್ಕಂಡ್ರೆ ಬೇಲಿ ನೋಡ್ತಾರೇನು?"

"ಹೋಗ್ಲಿ ಬಿಡು," ಎಂದರು ಪಾತಮ್ಮ ಮೊರದಿಂದ ತಲೆ ಎತ್ತದೆ. "ಹಿಡ್ಕಂಡೋದ್ರೆ ಅಲ್ಲೇ ಊಟ ಹಾಕ್ತಾರೆ."

ಸ್ವಪ್ನಳಿಗೆ ನಗು ಬರಲಿಲ್ಲ. ಮಾವ ಹೊರಟಿದ್ದು ಅವಳು ಅಳಿಸಿದ ನಂಬರನ್ನು ನಂಬಿ. ಒಳಗೆ ಹೋದ ಮೇಲೆ ಯಾರಾದರೂ ತಡೆದರೆ ಈ ಮನುಷ್ಯ ಕೆಮ್ಮಣ್ಣಿನ ಗುರುತು ಹೇಳುತ್ತ ನಿಲ್ಲುತ್ತಾರೆ. ಕೇಳುವವರು ಯಾರು?

"ಮಾವ, ಒಂದು ನಿಮಿಷ. ಕೂತ್ಕೊಳ್ಳಿ."

"ಬಿಸಿಲೇರ್ತೈತೆ ಕಣವ್ವ."

"ಫೋನ್ ಬರಲ್ಲ ಮಾವ."

ಅವರು ಕೋಲೂರಿ ನೋಡಿದರು. ಅವಳು ಫೋನು ಕೈಗೆತ್ತಿಕೊಂಡಳು. ಪೊಲೀಸ್ ಠಾಣೆಯ ನಂಬರನ್ನು ರಾತ್ರಿಯೇ ಹುಡುಕಿ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಎರಡು ಸಲ ಒತ್ತಿ ಕಟ್ ಮಾಡಿದ್ದಳು. ಈಗ ಒತ್ತಿ ಕಿವಿಗಿಟ್ಟಳು.

"ಸರ್, ನಮಸ್ಕಾರ. ನಮ್ಮದೊಂದು ಆಟದ ಗ್ಲೈಡರ್ ಕಾವಲಿನ ಕಡೆ ಬಿದ್ದಿದೆ. ಡ್ರೋನ್ ಅಲ್ಲ ಸರ್. ಮೋಟರಿಲ್ಲ, ಕ್ಯಾಮೆರಾ ಇಲ್ಲ. ಯಾರಿಗಾದರೂ ಸಿಕ್ಕರೆ ಅನುಮಾನ ಪಡದಿರಲಿ ಅಂತ."

ಆ ಕಡೆಯ ದನಿ ನಿಧಾನದ್ದು. "ನಿಮ್ದು ಅಂತ ಹೆಂಗೆ ಗೊತ್ತಾಗ್ಬೇಕಮ್ಮ? ಏನಾರ ಗುರುತು ಐತೇನು?"

"ರೆಕ್ಕೆ ಮೇಲೆ ಕೆಮ್ಮಣ್ಣಲ್ಲಿ ಎರಡು ಗೀಟು, ಒಂದು ಬೊಟ್ಟು. ಮೂತಿಯೊಳಗೆ ಗಂಟೆಯ ನಾಲಿಗೆ ಇದೆ."

"ನಂಬರ್ ಗಿಂಬರ್ ಬರೆದಿಲ್ವಾ?"

ಮಾವ ಎರಡು ಹೆಜ್ಜೆ ಹತ್ತಿರ ಬಂದಿದ್ದರು.

"ಬರೆದಿದ್ವಿ ಸರ್. ಹೆದರಿಕೊಂಡು ನಾನೇ ಅಳಿಸಿದೆ. ಇವರಿಗೂ ಹೇಳಿರಲಿಲ್ಲ."

ಪಾತಮ್ಮನ ಮೊರ ನಿಂತಿತು. ಚಿಕ್ಕೀರಪ್ಪ ಕಂಬಳಿ ತೆಗೆದು ಜಗಲಿಯ ಮೇಲೆ ಹಾಕಿ, ಮೊಣಕಾಲು ಹಿಡಿದುಕೊಂಡು ಅದರ ಮೇಲೆ ಕುಳಿತರು.

"ಆತು, ಈಗ ಹೇಳ್ರಿ, ಬರ್ಕಂತೀನಿ. ಬೇಲಿಯೋರಿಗೂ ತಿಳಿಸ್ತೀವಿ. ನೀವ್ ಮಾತ್ರ ಬೇಲಿ ಒಳಗೆ ಹೋಗ್ಬ್ಯಾಡ್ರಿ."

ಅವಳು ಒಂದೊಂದೇ ಅಂಕಿ ಹೇಳತೊಡಗಿದಳು. ಆರು ಹೇಳಿ ನಿಂತಳು. ತನ್ನದೇ ನಂಬರು, ಮುಂದಿನದು ನೆನಪಾಗಲಿಲ್ಲ.

ಜಗಲಿಯಿಂದ ಮಾವ, ಬೀದಿಯ ಕಡೆ ಮುಖ ಮಾಡಿಕೊಂಡೇ, ಉಳಿದ ನಾಲ್ಕು ಅಂಕಿಗಳನ್ನು ಮೊಮ್ಮಗಳ ರಾಗದಲ್ಲೇ ಎಳೆದು ಎಳೆದು ಹೇಳಿದರು.

"ಯಾರಮ್ಮ ಅದು, ಹಾಡ್ತಿರೋದು?"

"ನಮ್ಮ ಮಾವ ಸರ್," ಎಂದಳು ಸ್ವಪ್ನ. "ಗ್ಲೈಡರ್ ಅವರದು."