ಕುಂಕುಮ ತಿಂದ ದವಡೆ

ಬಳ್ಳಾರಿಗೆ ಸಮುದ್ರವಿಲ್ಲ. ಆದರೂ ೧೯೭೪ರಲ್ಲಿ ಅಲ್ಲಿನ ಕಾಲೇಜೊಂದಕ್ಕೆ, ನದಿ ಕಡಲು ಸೇರುವ ಅಳಿವೆಯಲ್ಲಿ ತಳದ ಕೆಸರು ಕಚ್ಚಿ ತರುವ ಕಬ್ಬಿಣದ ದವಡೆಯಂಥ ಉಪಕರಣ ಬಂತು. ವಿದ್ಯಾರ್ಥಿಗಳು ಅದರ ಚಿತ್ರ ಬರೆದೇ ಪಾಸಾದರು. ಜವಾನ ಜಡೆಪ್ಪ ವರ್ಷವರ್ಷವೂ ಆಯುಧಪೂಜೆಗೆ ಅದನ್ನು ಒರೆಸಿ ಕುಂಕುಮ ಹಚ್ಚಿದ.

ಒಂದು ಬೇಸಿಗೆಯಲ್ಲಿ ಅವನೂರು ಕರೂರಿನ ಕುಡಿಯುವ ಕೆರೆ ನಾರತೊಡಗಿತು. ಮೊಮ್ಮಗಳು ವಾಂತಿ ಮಾಡಿ ಮಾಡಿ ಹಾಸಿಗೆ ಹಿಡಿದಳು. ಜಡೆಪ್ಪ ಕಾಲೇಜಿನ ಪ್ರೊಫೆಸರರ ಮುಂದೆ ಕೈಮುಗಿದ.

"ಸಾಹೇಬ್ರ, ಆ ದವಡಿ ತಗೊಂಡು, ಹುಡುಗ್ರನ್ನ ಕರಕೊಂಡು ನಮ್ಮೂರಿಗೆ ಬರ್ರಿ. ಕೆರಿ ತಳದಾಗ ಏನೈತಿ ನೋಡ್ರಿ."

"ನೀರಿಗಿಳಿಸಿದ್ರ ತುಕ್ಕು ಹಿಡಿತೈತಲೇ ಜಡ್ಯಾ!"

"ಹಿಡೀಲಿ ಬಿಡ್ರಿ. ಕುಂಕುಮ ತಿಂದಷ್ಟು ಕೆಸರು ತಿಂದಿಲ್ಲ ಅದು."

ಪ್ರೊಫೆಸರರು ದವಡೆಯಿದ್ದ ಬೀರುವಿಗೆ ಬೀಗ ಜಡಿದರು. ಕೆರೆ ಇನ್ನೂ ನಾರುತ್ತಿದೆ, ಮಗು ಇನ್ನೂ ಎದ್ದಿಲ್ಲ. ಓದುಗರೇ, ನಾಳೆಯೇ ಕಾಲೇಜಿಗೆ ಹೋಗಿ ಆ ಬೀಗ ತೆಗೆಸಿ.