ಕರಗದೆ ಉಳಿದ ಮೊಟ್ಟೆಯ ಚೂರು

ತಮ್ಮ ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ. ಹಬ್ಬಕ್ಕೆ ಕಡಿದ ಹಂದಿಯ ಹೊಟ್ಟೆಯನ್ನು ಮನೆಯವರು ತೊಳೆಯುವ ಹಾಗೆ ತೊಳೆಯಲು ಬಿಡದೆ, ಅವನು ಹೇಳಿಕೊಟ್ಟ ಹಾಗೆ ಜೋಪಾನ ಮಾಡಬೇಕಿತ್ತು. ನಾನು ಮಾಡಲಿಲ್ಲ. ಅಷ್ಟೇ ಆಗಿದ್ದರೆ ಒಂದು ಸಲ ಬೈಸಿಕೊಂಡು ಮುಗಿಯುತ್ತಿತ್ತು. ಮಾಡಲಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ. ಆಮೇಲೆ ಅವನೇ ಎದುರು ಕೂತು ಕೇಳಿದಾಗಲೂ ಹೇಳಲಿಲ್ಲ. ನಾನು ಹಾಗೆ ಬಾಯಿ ಮುಚ್ಚಿಕೊಂಡದ್ದರಿಂದ ಅವನಿಗೆ ತನ್ನ ಎರಡು ಕೈಗಳ ಮೇಲಿದ್ದ ನಂಬಿಕೆಯೇ ಹೋಯಿತು.

ನಾನು ಓದಿದ್ದು ಮೂರನೇ ಕ್ಲಾಸು. ಶಾಲೆಗೆ ಹೋಗಲು ಹೊಳೆ ದಾಟಬೇಕಿತ್ತು, ಒಂದು ಮಳೆಗಾಲದಲ್ಲಿ ಮರದ ಪಾಲ, ಅಂದರೆ ಸೇತುವೆ, ಕೊಚ್ಚಿಕೊಂಡು ಹೋಯಿತು, ಗೂಡೆಗೆ, ಹೆಣ್ಣು ಹುಡುಗಿಗೆ, ಇಷ್ಟು ಸಾಕು ಎಂದು ಅಪ್ಪ ಹೇಳಿದರು. ನನಗೂ ಸಾಕಾಗಿತ್ತು. ಅದಕ್ಕೆ ಯಾರ ಮೇಲೂ ದೂರಿಲ್ಲ. ತಮ್ಮನ ಕಾಲಕ್ಕೆ ಹೊಸ ಪಾಲ ಬಂತು. ಅವನು ಹೊಳೆ ದಾಟಿದ, ಮಡಿಕೇರಿಯ ಹೈಸ್ಕೂಲು ಮುಗಿಸಿದ, ಮೈಸೂರಿಗೆ ಹೋಗಿ ಬಿ.ಎಸ್ಸಿ. ಸೇರಿದ. ಅಪ್ಪನ ಏಲಕ್ಕಿಯೆಲ್ಲ ಅವನ ಹಿಂದೆಯೇ ಮೈಸೂರಿಗೆ ಹೋಯಿತು ಎಂದು ನಮ್ಮ ದೊಡ್ಡವ್ವ ಹೇಳುತ್ತಿದ್ದರು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅಡಿಗೆಮನೆಯ ಅಧಿಕಾರವೆಲ್ಲ ಅವರದು.

ಮೊದಮೊದಲು ತಮ್ಮ ರಜೆಗೆ ಬಂದಾಗ ತರುತ್ತಿದ್ದ ಪುಸ್ತಕಗಳಲ್ಲಿ ನಮಗೆ ಗುರುತು ಸಿಗುವಂಥದ್ದು ಏನೂ ಇರಲಿಲ್ಲ. ಗಣಿತ, ಬೆಳಕು, ಶಾಖ, ಬಾಯಿಗೆ ಬಾರದ ಹೆಸರಿನ ಲವಣಗಳು. ಆಮೇಲೆ ಬಯೋಕೆಮಿಸ್ಟ್ರಿ ಎನ್ನುವ ಪಾಠ ಶುರುವಾಯಿತು. ಹಾಗೆಂದರೇನು ಎಂದು ಕೇಳಿದೆ.

“ನಾವು ತಿಂದದ್ದು ಒಳಗೆ ಹೋಗಿ ಏನಾಗ್ತದೆ ಅಂತ ನೋಡುವುದು, ಅಕ್ಕ.”

“ಅದು ಬೆಳಿಗ್ಗೆ ಎದ್ದರೆ ಎಲ್ಲರಿಗೂ ಗೊತ್ತಾಗ್ತದೆ,” ಎಂದೆ. ಅವನು ನಗುತ್ತಾ ನೆಲಕ್ಕೇ ಕೂತುಬಿಟ್ಟ.

ಆ ಬೇಸಿಗೆಯ ರಜೆಯಲ್ಲಿ ಅವನ ಪಾಠ ನಮ್ಮ ಅಡಿಗೆಮನೆಗೆ ಬಂತು. ಗಂಜಿತಿಳಿಗೆ ಒಂದು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿ. ಅದೇ ಗಂಜಿಗೆ ಉಗುಳು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಹಾಕಿದರೆ ನೀಲಿ ಬರುವುದಿಲ್ಲ. ಉಗುಳಿಗೆ ಅವನು ಹೋಗಿ ನಿಂತದ್ದು ದೊಡ್ಡವ್ವನ ಮುಂದೆ.

“ದೊಡ್ಡವ್ವ, ಚೂರು ಉಗುಳು ಕೊಡಿ.”

“ಯಾರ ಮುಖಕ್ಕೆ ಕೊಡ್ಬೇಕು, ಹೇಳು.”

“ಈ ಟ್ಯೂಬಿಗೆ. ಮೊದಲು ಎಲೆಅಡಿಕೆ ಉಗಿದು ಬಾಯಿ ತೊಳ್ಕೊಳ್ಳಿ.”

“ಮೈಸೂರಿಗೆ ಕಳಿಸಿ ಓದಿಸಿದ್ದು ಇದಕ್ಕಾ? ಇಲ್ಲೇ ಇದ್ದಿದ್ರೆ ಬಿಟ್ಟಿಯಾಗಿ ಉಗೀತಿದ್ದೆ.”

ಆದರೂ ಬಾಯಿ ತೊಳೆದುಕೊಂಡು ಬಂದರು. ನೀಲಿ ಬರಲಿಲ್ಲ. ಗಂಜಿ ಆಗಲೇ ಸಕ್ಕರೆಯ ಕಡೆಗೆ ತಿರುಗಿದೆ, ದೊಡ್ಡವ್ವನ ಬಾಯಿಯೇ ಆ ಕೆಲಸ ಮಾಡಿದ್ದು ಎಂದು ತಮ್ಮ ವಿವರಿಸಿದ. “ಹಾಗೆ ಹೇಳು. ನನ್ನ ಮಾತು ಯಾಕೆ ಇಷ್ಟು ಸಿಹಿ ಅಂತ ಈಗ ಗೊತ್ತಾಯ್ತು,” ಎಂದು ಅವರು ಸೊಸೆಯಂದಿರ ಕಡೆ ನೋಡಿದರು. ಯಾರೂ ತಲೆ ಎತ್ತಲಿಲ್ಲ.

ಕಾಲೇಜಿನಲ್ಲಿ ಇಡೀ ದಿನದ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ತಂದು ಪರೀಕ್ಷೆ ಮಾಡಬೇಕಂತೆ. ಇವನು ಬಾಟಲಿ ಹಿಡಿದು ನಡೆಯುತ್ತಿದ್ದಾಗ ದಾರಿಯಲ್ಲಿ ಒಬ್ಬರು ನಿಲ್ಲಿಸಿ, ಕೊಡಗಿನ ಜೇನಾ, ಸೇರಿಗೆ ಎಷ್ಟು ಎಂದು ಕೇಳಿದರಂತೆ. ಹಾಲು ಒಡೆಸಿ ಅದರೊಳಗಿನ ಸತ್ವ ತೆಗೆಯುವುದು, ಎಣ್ಣೆಯನ್ನು ಕ್ಷಾರದಲ್ಲಿ ಕುದಿಸಿ ಸೋಪು ಮಾಡುವುದು, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದು, ಎಲ್ಲವನ್ನೂ ಅವನು ನನಗೆ ಕತೆಯ ಹಾಗೆ ಹೇಳುತ್ತಿದ್ದ. ಹೇಳುವಾಗ ಕೈಗಳು ಗಾಳಿಯಲ್ಲೇ ಟ್ಯೂಬು ಹಿಡಿದು ಅಲುಗಿಸುತ್ತಿದ್ದವು. ಆ ಕೈಗಳನ್ನು ನೋಡುವುದೆಂದರೆ ನನಗೆ ಆಸೆ. ಚಿಕ್ಕವನಿದ್ದಾಗ ಅವನ್ನು ಹಿಡಿದು ನಡೆಸಿದವಳು ನಾನು.

ಕೊನೆಯ ವರ್ಷ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದು ಪ್ರಯೋಗವನ್ನು ಬುಡದಿಂದ ತಾನೇ ಮಾಡಿ ತೋರಿಸಬೇಕಿತ್ತು. ತಮ್ಮನಿಗೆ ಬಂದದ್ದು ಪೆಪ್ಸಿನ್. ಮಾಂಸ, ಮೊಟ್ಟೆಗಳನ್ನು ಹೊಟ್ಟೆಯಲ್ಲಿ ಕರಗಿಸುವ ವಸ್ತು ಅದು. ಮೊದಲಾದರೆ ಪುಡಿಯಾಗಿ ಸೀಸೆಯಲ್ಲಿ ವಿಲಾಯಿತಿಯಿಂದ ಬರುತ್ತಿತ್ತಂತೆ. ಯುದ್ಧ ಶುರುವಾಗಿ ಹಡಗು ನಿಂತ ಮೇಲೆ, ಪ್ರಾಣಿಯ ಹೊಟ್ಟೆಯಿಂದ ನೀವೇ ತೆಗೆದುಕೊಳ್ಳಿ ಎಂದು ಮೇಷ್ಟ್ರು ಹೇಳಿದರು. ಮಿಕ್ಕವರು ಆಡಿನ ಹೊಟ್ಟೆ ಹುಡುಕಿಕೊಂಡು ಹೋದರು. “ನಿನಗೇನಪ್ಪ, ಕೊಡಗಿನವನು, ಹಂದಿ ತಾ. ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ,” ಎಂದು ಅವರು ಇವನಿಗೆ ಹೇಳಿದ್ದರು.

ಹಾಗಾಗಿ ಕೈಲು ಮುಹೂರ್ತಕ್ಕೆ ಅವನು ರಜೆ ಹಾಕಿ ಬಂದ. ಗದ್ದೆಯ ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳಿಗೆ ಪೂಜೆ ಮಾಡುವ ಹಬ್ಬ ಅದು. ಅವತ್ತು ಹಂದಿ ಕಡಿಯದ ಮನೆಯಿಲ್ಲ. ಬರುವಾಗ ಹೊಟ್ಟೆಯ ರಸ ಕೆಡದ ಹಾಗೆ ಇಡಲು ಗಾಜಿನ ಜಾಡಿಯಲ್ಲಿ ಗ್ಲಿಸರಿನ್ ತುಂಬಿಕೊಂಡು ಬಂದಿದ್ದ. ಗಂಡಸರೆಲ್ಲ ಕೋವಿ ಪೂಜೆಗೆ ಕೂರುವ ಹೊತ್ತಿಗೇ ಒಳಗೆ ಈ ಕೆಲಸ ಆಗಬೇಕು. ಅದಕ್ಕೇ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ.

“ಹೊಟ್ಟೆ ಸೀಳಿ ತಣ್ಣೀರಲ್ಲಿ ಒಮ್ಮೆ ಅಲುಗಿಸು, ಸಾಕು. ಬಿಸಿನೀರು ಬೇಡ. ಸುಣ್ಣವಂತೂ ಹತ್ತಿರಕ್ಕೂ ಬರಬಾರದು. ಒಳಗಿನ ಲೋಳೆಯನ್ನು ಚಾಕುವಿನಲ್ಲಿ ಕೆರೆದು ಈ ಜಾಡಿಗೆ ಹಾಕು.”

“ಗಲೀಜು ಸಮೇತ?”

“ಆ ಗಲೀಜೇ ಅಕ್ಕ ನನಗೆ ಬೇಕಾದ್ದು. ಬೇರೆ ಯಾರ ಕೈಗೂ ಕೊಡಬೇಡ, ನೀನೇ ಮಾಡು.”

ನಾನೇ ಮಾಡುತ್ತೇನೆ ಎಂದೆ.

ನಮ್ಮಲ್ಲಿ ಹಂದಿಯ ಹೊಟ್ಟೆ ತೊಳೆಯುವ ಕ್ರಮ ಬೇರೆ. ಕುದಿಯುವ ನೀರು ಹೊಯ್ದು, ಸುಣ್ಣ ಹಚ್ಚಿ, ಒಳಗಿನ ಪೊರೆಯೆಲ್ಲ ಎದ್ದುಬರುವ ಹಾಗೆ ಉಜ್ಜಿ, ವಾಸನೆ ಹೋಗುವವರೆಗೂ ನೀರು ಹಾಯಿಸಬೇಕು. ಬಿಳಿ ಬಟ್ಟೆಯ ಹಾಗೆ ಆದರೆ ಹೆಂಗಸು ಕೆಲಸ ಬಲ್ಲವಳು ಎಂದು ಲೆಕ್ಕ. ದೊಡ್ಡವ್ವ ತೊಳೆದದ್ದು ಬಿಳಿ ಬಟ್ಟೆಗಿಂತ ಬಿಳಿ.

ಹೊಟ್ಟೆ ನನ್ನ ಕೈಗೆ ಬಂತು. ಬಿಸಿ ಇನ್ನೂ ಆರಿರಲಿಲ್ಲ. ಮಣೆಯ ಮೇಲಿಟ್ಟು ಚಾಕು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ. ಪೂಜೆ ಮುಗಿದು, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ ಶುರುವಾಗಿತ್ತು. ಮುಂದಿನ ಸರದಿ ಕಾಲೇಜು ಹೈದನದು ಎಂದು ಯಾರೋ ಕೂಗಿದರು. ಅವನು ಕೋವಿ ಹಿಡಿಯುವುದನ್ನು ನೋಡಬೇಕು ಎನಿಸಿತು. ಈಗ ಹೋಗಿ ಈಗ ಬರುವುದು ಎಂದುಕೊಂಡು ಕೈ ಒರೆಸಿಕೊಂಡು ಓಡಿದೆ. ಗುಂಡು ಕಾಯಿಯ ಹತ್ತಿರವೂ ಹೋಗಲಿಲ್ಲ. “ಮೈಸೂರು ಮುಟ್ಟಿರ್ತದೆ, ನಾಳೆ ಬಸ್ಸಿಳಿದು ಹುಡುಕಿಕೊಳ್ಳಪ್ಪ,” ಎಂದು ಚಿಕ್ಕಪ್ಪ ಹೇಳಿದ್ದಕ್ಕೆ ಅಂಗಳವೆಲ್ಲ ನಕ್ಕಿತು. ಅವನೂ ನಕ್ಕ, ನನ್ನನ್ನು ನೋಡಿ ಮತ್ತೂ ನಕ್ಕ. ನಾನು ಇನ್ನೊಬ್ಬರ ಗುಂಡು ನೋಡಿದೆ, ಮತ್ತೊಬ್ಬರದು ನೋಡಿದೆ.

ಒಳಗೆ ಬಂದಾಗ ಮಣೆ ಖಾಲಿ. ಹಿತ್ತಲಲ್ಲಿ ದೊಡ್ಡವ್ವ ಮೊಣಕೈವರೆಗೆ ಸುಣ್ಣ ಮಾಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಹಂಡೆಯಿಂದ ತೋಡಿದ ಬಿಸಿನೀರು. “ಅರ್ಧಕ್ಕೆ ಬಿಟ್ಟು ಹೋದ್ಯಲ್ಲ. ನೊಣ ಕೂರ್ತಿತ್ತು, ನಾನೇ ಮುಗಿಸಿದೆ,” ಎಂದರು. ಹೊಟ್ಟೆ ಹೊಳೆಯುವಷ್ಟು ಬೆಳ್ಳಗಾಗಿತ್ತು.

ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಕೆಳಗಿನ ಮನೆಯವರು ಮಧ್ಯಾಹ್ನದ ಮೇಲೆ ಹಂದಿ ಕಡಿಯುವವರಿದ್ದರು, ಹೋಗಿ ಕೇಳಿದ್ದರೆ ಇನ್ನೊಂದು ಸಿಗುತ್ತಿತ್ತು. ಆದರೆ ಯಾಕೆ ಎಂದು ತಮ್ಮ ಕೇಳುತ್ತಿದ್ದ. ನಂಬಿ ಕೊಟ್ಟ ಕೆಲಸ ಬಿಟ್ಟು ಆಟ ನೋಡಲು ಹೋದೆ ಎನ್ನಬೇಕಿತ್ತು. ಶುದ್ಧ ಮಾಡಿದರೆ ಕೆಡುವುದು ಎಂಥದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿದ ಪೊರೆಯನ್ನು ಕೆರೆದು ಜಾಡಿಗೆ ಹಾಕಿ ಮುಚ್ಚಳ ತಿರುಗಿಸಿದೆ. ಸಂಜೆ ಅವನು ಜಾಡಿಯನ್ನು ಬೆಳಕಿಗೆ ಹಿಡಿದು, “ನೀನು ಇಲ್ಲದಿದ್ದರೆ ನನಗೆ ಯಾರು ಮಾಡಿಕೊಡ್ತಿದ್ರು, ಅಕ್ಕ,” ಎಂದ. ಮರುದಿನ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲಿನ ಬಸ್ಸು ಹತ್ತಿ, ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಫ್ರೇಜರ್‌ಪೇಟೆಯ ದಾರಿಯಾಗಿ ಮೈಸೂರಿಗೆ ಹೋದ.

ಅಲ್ಲಿ ಏನಾಯಿತು ಎಂಬುದನ್ನು ಸುಗ್ಗಿಯ ಹಬ್ಬ ಪುತ್ತರಿಗೆ ಬಂದಾಗ ಹೇಳಿದ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಸಣ್ಣ ಚೂರು ಮಾಡಿ, ಟ್ಯೂಬಿಗೆ ಹಾಕಿ, ಆಸಿಡ್ ಬೆರೆಸಿದ ನೀರನ್ನೂ ಜಾಡಿಯ ರಸವನ್ನೂ ಹೊಯ್ದು, ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಬೇಕು. ಆಡಿನ ಹೊಟ್ಟೆ ತಂದವರ ಟ್ಯೂಬಿನಲ್ಲಿ ಚೂರುಗಳು ಅಂಚು ಮಸುಕಾಗುತ್ತಾ ಬಂದು ಕರಗಿಹೋದವು. ಇವನದ್ದರಲ್ಲಿ ಮೂಲೆ ಕೂಡ ಸವೆಯಲಿಲ್ಲ. ಮತ್ತೆ ಮಾಡಿದ, ಹಾಗೆಯೇ ಉಳಿಯಿತು. ನೀರನ್ನು ವಿಪರೀತ ಕಾಯಿಸಿ ಪೆಪ್ಸಿನನ್ನು ಕೊಂದುಹಾಕಿದ್ದೀಯ, ಪ್ರಯೋಗಶಾಲೆಗೆ ಬೇಕಾದ ಕೈ ನಿನ್ನದಲ್ಲ ಎಂದರಂತೆ ಮೇಷ್ಟ್ರು. ಕರಗಿತು ಎಂದು ಬರೆದುಬಿಡು, ಯಾರು ನೋಡುತ್ತಾರೆ ಎಂದು ಗೆಳೆಯರು ಹೇಳಿದ್ದರು. ಇವನು ಕಂಡದ್ದನ್ನೇ ಬರೆದ. ಕರಗಲಿಲ್ಲ ಎಂದು.

“ಅಕ್ಕ, ಬಿಸಿನೀರು, ಸುಣ್ಣ ಏನೂ ಮುಟ್ಟಿಸಿಲ್ಲ ಅಲ್ವಾ?”

ನಾನು ಒಲೆಯ ಮುಂದೆ ಕೂತಿದ್ದೆ. ಅವನು ಪಕ್ಕದಲ್ಲೇ ಇದ್ದ. ಜೋರಾಗಿ ಕೇಳಲಿಲ್ಲ, ಅನುಮಾನದಿಂದಲೂ ಕೇಳಲಿಲ್ಲ.

“ಇಲ್ಲ,” ಎಂದೆ.

“ಹಾಗಾದ್ರೆ ನನ್ನ ಕೈಯದ್ದೇ ತಪ್ಪು,” ಎಂದು ಎದ್ದುಹೋದ.

ಆ ಮೇಲೆ ಅವನ ಕೈ ಬೇರೆಯಾಯಿತು. ಉಪ್ಪು ಬಡಿಸಲು ಹೇಳಿದರೂ ಎರಡು ಸಲ ಅಳೆದು ನೋಡುತ್ತಿದ್ದ. ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲೂ ಹಾಗೆಯೇ ಆಯಿತಂತೆ. ತೂಕ ಮಾಡಿದ್ದನ್ನೇ ಮತ್ತೆ ತೂಕ ಮಾಡಿ, ಕಾಯಿಸಿದ್ದನ್ನು ಚೆಲ್ಲಿ ಮತ್ತೆ ಕಾಯಿಸಿ, ಗಂಟೆ ಹೊಡೆದಾಗ ಅರ್ಧವೂ ಮುಗಿದಿರಲಿಲ್ಲ. ಬರವಣಿಗೆಯ ಪರೀಕ್ಷೆಗಳೆಲ್ಲ ಪಾಸು, ಪ್ರಾಯೋಗಿಕದಲ್ಲಿ ಫೇಲು. ಅದೊಂದನ್ನು ಮುಂದಿನ ವರ್ಷ ಮತ್ತೆ ಕೊಡಬಹುದಿತ್ತು. ಆ ಮೇಷ್ಟ್ರೇ ಬಾ ಎಂದು ಹೇಳಿ ಕಳಿಸಿದ್ದರು. ಇವನು ಹೋಗುವುದಿಲ್ಲ ಎಂದ. ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಹಿಡಿದ. ಆಳುಗಳ ಹಾಜರಿ ಬರೆಯುವುದು, ಕಾಫಿಹಣ್ಣು ಅಳೆಸುವುದು.

“ಬರುವುದಿಲ್ಲ ಅಂದ ಮೇಲೆ ಬಿಡಬೇಕು, ಅಪ್ಪ. ನನ್ನ ಕೈಗೆ ಆ ಕೆಲಸ ಇಲ್ಲ,” ಎಂದು ಊಟಕ್ಕೆ ಕೂತಾಗ ಹೇಳಿದ. ಅಪ್ಪ ಒತ್ತಾಯ ಮಾಡಲಿಲ್ಲ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಬಡಿಸುತ್ತಿದ್ದೆ. ಆಗಲೂ ಹೇಳದೆ ಸಾರು ಬಡಿಸಿ ಒಳಗೆ ಹೋದೆ. ಒಂದು ವರ್ಷ ಹೀಗೆಯೇ ಕಳೆಯಿತು. ಮತ್ತೆ ಪರೀಕ್ಷೆಗೆ ಕೂರುವ ಆ ಅವಕಾಶವೂ ಕೈಬಿಟ್ಟುಹೋಯಿತು. ಹಬ್ಬಕ್ಕೆ ಬಂದಾಗಲೆಲ್ಲ ನನಗೆ ಬಳೆ ತರುತ್ತಿದ್ದ. ಅವನ್ನು ತೊಟ್ಟುಕೊಳ್ಳಲು ನನಗೆ ಆಗುತ್ತಿರಲಿಲ್ಲ.

ನಿಜ ಹೇಳಿದ್ದು ಅದರ ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ತಮ್ಮ ನನ್ನ ಗಂಡನ ಮನೆಗೆ ಬಂದಿದ್ದ. ನನ್ನ ಮಗಳು ಆಗಷ್ಟೇ ಹುಟ್ಟಿದ್ದಳು. ಎತ್ತಿಕೊ ಎಂದು ಕೂಸನ್ನು ಚಾಚಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಬೇಡ ಅಕ್ಕ, ನನ್ನ ಕೈ ಗೊತ್ತಲ್ಲ ನಿನಗೆ. ಏನಾದ್ರೂ ಎಡವಟ್ಟು ಮಾಡ್ತೇನೆ.”

ತಮಾಷೆಗೆ ಹೇಳಿದ್ದು. ಅರ್ಧ ತಮಾಷೆ. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಕೂಸನ್ನು ಅವನ ಮಡಿಲಲ್ಲಿ ಇಟ್ಟೆ, ಅವನ ಎರಡು ಕೈಗಳನ್ನೂ ತಂದು ಅವಳ ಸುತ್ತ ಸೇರಿಸಿದೆ, ಅವು ಬಿಟ್ಟುಹೋಗದ ಹಾಗೆ ಮೇಲಿನಿಂದ ನನ್ನ ಕೈ ಹಿಡಿದೆ.

“ತಮ್ಮ, ಆ ಹೊಟ್ಟೆಗೆ ಸುಣ್ಣ ಹಚ್ಚಿತ್ತು. ಬಿಸಿನೀರೂ ಬಿದ್ದಿತ್ತು. ನಿನ್ನ ಗುಂಡು ನೋಡ್ಲಿಕ್ಕೆ ನಾನು ಬಿಟ್ಟು ಹೋಗಿದ್ದೆ. ಅವತ್ತೇ ಗೊತ್ತಿತ್ತು, ಹೇಳಲಿಲ್ಲ. ನೀನು ಕೇಳಿದಾಗ ಸುಳ್ಳು ಹೇಳಿದೆ. ನಿನ್ನ ಕೈಯದ್ದು ಯಾವ ತಪ್ಪೂ ಇರಲಿಲ್ಲ, ಮಗಾ. ತಪ್ಪು ನನ್ನದು. ನನ್ನನ್ನು ಕ್ಷಮಿಸು.”