ಇನ್ನೊಮ್ಮಿ ಅನ್ನುತ್ತಿದ್ದ ಪೈಲ್ವಾನ್ ಸರ್

ಸರ್ ಅವರ ಎರಡೂ ಕಿವಿ ಒಣ ಅಂಜೂರದ ಹಾಗೆ ಮುರುಟಿಕೊಂಡಿದ್ದವು. ಹರೆಯದಲ್ಲಿ ಕುಸ್ತಿ ಹಿಡಿದ ಗುರುತು. ಎದುರಾಳಿಯ ತಲೆಗೆ ತಿಕ್ಕಿ ತಿಕ್ಕಿ ಕಿವಿ ಮುರಿಯದವನು ಪೈಲ್ವಾನನೇ ಅಲ್ಲ ಎಂಬುದು ನಮ್ಮ ಕಡೆಯ ಮಾತು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಅಧಿಕಾರಿಯಾಗಿ ನಿವೃತ್ತರಾದ ಅವರು ಆ ಕಿವಿ ಹೊತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜತ್ತದ ನಮ್ಮ ಹಾಲಿನ ಸಂಘಕ್ಕೆ ಬಂದು, ಮ್ಯಾನೇಜರುಗಳಿಗೆ ಮಾತಾಡುವುದನ್ನು ಕಲಿಸುತ್ತೇನೆ ಅಂದಾಗ ನನಗೆ ಮೈಯೆಲ್ಲ ಉರಿಯಿತು. ಮಾತು, ನನಗೆ ಕಲಿಸಬೇಕೇ? ನನ್ನ ಬಾಯಿಗೆ ಹೆದರಿ ಮನೆಯಲ್ಲಿ ಅತ್ತೆಯೇ ದನಿ ಎತ್ತುತ್ತಿರಲಿಲ್ಲ.

ತೊಂದರೆ ಇದ್ದದ್ದೇ ಅಲ್ಲಿ ಅನ್ನಿ. ನಾನು ಆಗ ದರಿಬಡಚಿ ಹಳ್ಳಿಯಲ್ಲಿದ್ದ ಸಂಘದ ಹಾಲಿನ ಕೇಂದ್ರ ನೋಡುತ್ತಿದ್ದೆ. ದಿನಾ ಬೆಳಿಗ್ಗೆ ಯಾರಿಗಾದರೂ ನಿಮ್ಮ ಹಾಲು ನಡೆಯುವುದಿಲ್ಲ ಎನ್ನಬೇಕಾದ ಕೆಲಸ. ಕಡ್ಡಿ ಮುರಿದಂತೆ ಅಂದುಬಿಡುತ್ತಿದ್ದೆ. ಹಾಲು ಹಾಕುವವರು ಒಬ್ಬೊಬ್ಬರಾಗಿ ಖಾಸಗಿ ಡೇರಿಯ ಗಾಡಿಯತ್ತ ಹೊರಳಿದ್ದರು. ಹೀಗೇ ಆದರೆ ಕೇಂದ್ರ ಮುಚ್ಚುತ್ತೇವೆ ಎಂದು ಆಫೀಸಿನವರು ಹೇಳಿಯೂ ಆಗಿತ್ತು.

ಸರ್ ಹತ್ತಿರ ಪುಸ್ತಕ, ಪರದೆ ಏನೂ ಇರಲಿಲ್ಲ. ಎದುರುಬದುರು ಎರಡು ಕುರ್ಚಿ, ಒಂದು ತಂಬಿಗೆ ನೀರು, ಒಂದು ಲೋಟ. "ಪಟ್ಟು ಹೇಳಿದ್ರ ಬರೂದಿಲ್ರಿ, ಹಾಕಿದ್ರ ಬರತೈತಿ" ಎಂದು ಒಬ್ಬೊಬ್ಬರನ್ನೇ ಕರೆದು ಕೂಡಿಸಿ, ತಾವು ಎದುರಿನ ಮನುಷ್ಯನಾಗುತ್ತಿದ್ದರು. ಅದಕ್ಕೆ ತಾಲೀಮು ಎಂದೇ ಹೆಸರು. ನನ್ನ ಸರದಿಗೆ ಟವೆಲ್ಲನ್ನು ಸೆರಗಿನಂತೆ ತಲೆಗೆ ಹೊದ್ದು, ಹಾಲು ತಂದ ಮುದುಕಿಯಾದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಎಂದಿನಂತೆ, ಹಾಲು ತೆಳ್ಳಗಿದೆ, ವಾಪಸ್ ಒಯ್ಯಿರಿ ಎಂದೆ.

ಸರ್ ಒಂದು ಗಳಿಗೆ ನನ್ನ ಮುಖ ನೋಡಿದರು. "ಹಂಗಾರ ನಾ ಕಳ್ಳಿ ಏನ್ರಿ?"

ನಗು ನಿಂತಿತು. ನಾನು ಹಾಗೆಂದಿಲ್ಲ ಎಂದು ವಾದಕ್ಕಿಳಿದೆ. "ಬಾಯಿ ಅಂದಿಲ್ಲ, ಮಾರಿ ಅಂತು" ಎಂದು ನನ್ನ ಮುಖದತ್ತ ಬೆರಳು ಮಾಡಿದರು. ಆಮೇಲೆ ಕುರ್ಚಿ ಬದಲಿಸಿ, ನನ್ನನ್ನು ಮುದುಕಿಯ ಜಾಗದಲ್ಲಿ ಕೂಡಿಸಿ, ನನ್ನದೇ ಮಾತನ್ನು ನನ್ನದೇ ಧಾಟಿಯಲ್ಲಿ ನನಗೆ ಹೇಳಿದರು. ಅಬ್ಬಾ, ಹಾಗೆ ಮಾತಾಡುವ ಹೆಂಗಸಿಗೆ ಎರಡು ಬಿಡಬೇಕು ಅನ್ನಿಸಿತು.

ಅವರ ಪಾಠ ಇಷ್ಟೇ. ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವಲ್ಲ, ಕಠಿಣ ಮಾತಿಗೂ ಅದೇ ರಿವಾಜು. ನೀರು ಕೊಟ್ಟು, ಕುಡಿಯುವ ತನಕ ಸುಮ್ಮನಿರಬೇಕು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ, ಮತ್ತೆ ಸುಮ್ಮನಿರಬೇಕು. ಕೇಳಲು ಸುಲಭ. ಮಾಡಲು ಹೋದರೆ ನೀರು ಅವರ ಗಂಟಲು ಇಳಿಯುವ ಮೊದಲೇ ನನ್ನ ಮಾತು ಹೊರಗೆ. "ಇನ್ನೊಮ್ಮಿ" ಎನ್ನುವರು ಸರ್. ಸರಿಯಾಗಿ ಮಾಡಿದರೂ ಬಿಡಬೇಕಲ್ಲ! "ಚಲೋ ಆತು. ಇನ್ನೊಮ್ಮಿ." ಕನಸಿನಲ್ಲೂ ನಾನು ಯಾರಿಗೋ ನೀರು ಕೊಡುತ್ತಿದ್ದೆ.

ಮುಂದೆ ಕೇಂದ್ರದಲ್ಲಿ ನಿಜವಾದ ಮುದುಕಿಯೊಬ್ಬಳಿಗೆ ನೀರು ಕೊಟ್ಟು, ಹಾಲು ಯಾಕೋ ಗಟ್ಟಿಯಿಲ್ಲ ಎಂದು ಹೇಳಿ, ತುಟಿ ಕಚ್ಚಿಕೊಂಡು ಕೂತೆ. ತುಸು ಹೊತ್ತಿಗೆ ಆಕೆಯೇ ಬಾಯಿಬಿಟ್ಟಳು. ಎಮ್ಮೆಗೆ ಜಡ್ಡು, ಮೇವು ಮುಟ್ಟುತ್ತಿಲ್ಲವಂತೆ. ದನದ ಡಾಕ್ಟರನ್ನು ಕಳಿಸಿದೆ. ಎಮ್ಮೆ ಚೇತರಿಸಿಕೊಂಡ ಮೇಲೆ, ನಮ್ಮನ್ನು ಬಿಟ್ಟುಹೋಗಿದ್ದ ಓಣಿಯವರನ್ನೂ ಆಕೆಯೇ ಕರೆತಂದಳು. ಕೇಂದ್ರ ಉಳಿಯಿತು, ನನ್ನ ಅನ್ನವೂ ಉಳಿಯಿತು.

ವರ್ಷಗಳು ಹೋದವು. ನಾನು ಜತ್ತದ ಆಫೀಸಿಗೆ ಬಂದು ತರಬೇತಿಯ ಜವಾಬ್ದಾರಿ ನೋಡಿಕೊಳ್ಳತೊಡಗಿದೆ. ಅಷ್ಟರಲ್ಲಿ ಸರ್ ಅವರ ಕಿವಿ ಕೈಕೊಟ್ಟಿದ್ದವು. ಕೇಳುವ ಯಂತ್ರ ಆ ಮುರುಟಿದ ಕಿವಿಯಲ್ಲಿ ನಿಲ್ಲಲೇ ಇಲ್ಲ. ಮೆತ್ತಗೆ ಹೇಳಬೇಕಾದ ಮಾತನ್ನು ಹೊಸ ಮ್ಯಾನೇಜರುಗಳು ಚೀರಿ ಹೇಳಬೇಕಾಯಿತು. ನಿಮ್ಮ ಸಂಕಟ ನನಗೆ ತಿಳಿಯುತ್ತದೆ ಎಂದು ಒಬ್ಬಾತ ಗಂಟಲು ಹರಿದುಕೊಂಡಾಗ ಹೊರಗೆ ಕೂತವರೆಲ್ಲ ನಕ್ಕರು. ಸರ್‌ಗೆ ಆ ನಗುವೂ ಕೇಳಿಸಲಿಲ್ಲ. ಇನ್ನು ಸಾಕು, ನೀವೇ ಅವರಿಗೆ ಹೇಳಿ ಎಂದು ನನಗೆ ಅಂದರು ಸಂಘದ ಚೇರ್ಮನ್ನರು.

ನನಗೆ ಊಟ ಸೇರಲಿಲ್ಲ. ಕೊನೆಗೆ ತರಬೇತಿಯ ಕೋಣೆಗೆ ಹೋಗಿ, ಒಬ್ಬರಿಗೆ ಕಠಿಣ ಮಾತು ಹೇಳಬೇಕಾಗಿದೆ ಸರ್ ಎಂದು ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಅವರು ಹುರುಪಿನಿಂದ ಕುರ್ಚಿ ಎಳೆದು ಕುಳಿತರು. "ನಾ ಯಾರಾಗ್ಲಿ? ಹೇಳ್ರಿ ಮ್ಯಾಡಮ್."

ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ಸರ್ ಲೋಟ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟರು. ಆ ಮನುಷ್ಯನ ಮುಂದೆ ಚೀರಲು ನನಗಾಗಲಿಲ್ಲ. ತುಟಿ ಕಾಣುವಂತೆ ಎದುರು ಕೂತು ಮೆತ್ತಗೇ ಹೇಳಿದೆ.

"ಸರ್, ಮುಂದಿನ ತಿಂಗಳಿಂದ ನೀವು ಬರೂದು ಬ್ಯಾಡ್ರಿ. ನಿಮಗ ಕೇಳಿಸವಲ್ತು. ಕಲಿಯೋರಿಗೆ ತ್ರಾಸ ಆಗಾಕತ್ತೈತಿ."

ಹೇಳಿ ಸುಮ್ಮನಾದೆ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಅವರು ಕಲಿಸಿದ್ದು ಅದನ್ನೇ ಅಲ್ಲವೇ.

ಸರ್ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟರು. ಅಲ್ಲಿಯವರೆಗೆ ಒಮ್ಮೆಯೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ.

"ಕೇಳಿಸ್ತು, ಮಗಳ. ಭಾಳ ಚಲೋ ಹೇಳಿದಿ. ಇನ್ನೊಮ್ಮಿ ಬ್ಯಾಡ."

ಹೋದ ವರ್ಷ ಸೊರಡಿ ಊರಿನ ತಮ್ಮ ಮನೆಯಲ್ಲಿ ಸರ್ ತೀರಿಕೊಂಡರು. ಅವರ ಹೆಂಡತಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಲೀಮು ಮಾಡಿಕೊಂಡು ಹೋಗಿದ್ದೆ. ಆ ತಾಯಿ ನನ್ನನ್ನು ಕೂಡಿಸಿ, ಒಳಗಿಂದ ತಂಬಿಗೆ ತಂದು ಕೈಗಿಟ್ಟು ಎದುರು ಕುಳಿತರು. ನೀರು ಕುಡಿದೆ. ಕಲಿತ ಒಂದು ಮಾತೂ ಬರಲಿಲ್ಲ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಾನು ಅತ್ತು ಮುಗಿಸುವ ತನಕ ಅವರು ಸುಮ್ಮನೆ ಕೂತಿದ್ದರು.